ಬಿಲದ ಬಾಯಿಗೆ ಬಂದ ತತ್ತಿ ಚೀಲ: ಟರಾಂಟುಲಾ ತಾಯಿಯ ಬಿಲದಲ್ಲಿ ದೋಷ ಹುಡುಕುವ ಬಗೆ

ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ರೈತರು ಬೋರ್‌ವೆಲ್‌ನಿಂದ ಪಂಪು ಎತ್ತಿಸಿ, ಗಾಡಿ ಮೇಲೆ ಹೇರಿಕೊಂಡು ಬಂದು, "ವೈಂಡಿಂಗ್ ಸುಟ್ಟೇತ್ರಿ" ಅನ್ನುತ್ತಾರೆ. ಎಷ್ಟೋ ಸಲ ಸುಟ್ಟಿರುವುದೇ ಇಲ್ಲ. ಮೇಲೆ ಪೆಟ್ಟಿಗೆಯಲ್ಲಿದ್ದ ಕೆಪಾಸಿಟರ್ ಹೋಗಿರುತ್ತದೆ, ಅಷ್ಟೆ. ಪಂಪು ಎತ್ತಿಸಿದ ಖರ್ಚು ಸುಮ್ನೆ ದಂಡ.

ದಿನಾ ಬೇರೆಯವರಿಗೆ ಇದನ್ನೇ ಹೇಳುವ ನಾನು, ನಮ್ಮ ಹೊಲದ ಬದುವಿನಲ್ಲಿ ಅದೇ ತಪ್ಪು ಮಾಡಿದೆ. ಹೊಲ ಇರುವುದು ಕಲಘಟಗಿ ಕಡೆ. ಕೆಂಪು ಮಣ್ಣು, ಒಂದು ಬದಿಗೆ ಕಾಡಿನ ಅಂಚು. ಬದುವಿನ ಗೋಡೆಯಲ್ಲಿ ಹೆಬ್ಬೆರಳು ಹೋಗುವಷ್ಟು ಅಗಲದ ಮೂರು ಬಿಲಗಳಿವೆ. ಬಾಯಿ ಸುತ್ತ ಬಿಳಿ ರೇಷ್ಮೆಯ ಅಂಚು. ಒಳಗೆ ಇರುವುದು ದೊಡ್ಡ ಕೂದಲಿನ ಜೇಡ, ಅಂದರೆ ಟರಾಂಟುಲಾ. ಎರಡು ವರ್ಷದ ಹಿಂದೆ, ಮಿರಗ ಮಳೆ ಹೊಡೆದ ಮಾರನೇ ದಿನ, ನಡುವಿನ ಬಿಲದ ಬಾಯಲ್ಲಿ ಕೊಳಕು ಬಿಳಿ ಬಣ್ಣದ ಒಂದು ಉಂಡೆ ಕಾಣಿಸಿತು. ನೆಲ್ಲಿಕಾಯಿಯಷ್ಟು ಗಾತ್ರ. ತತ್ತಿ ಚೀಲ! ತಾಯಿ ಅದನ್ನು ಹೊರಗೆ ಎಸೆದಿದೆ ಅಂದುಕೊಂಡೆ. ಪಾಪ ಅಂತ ಹುಣಸೆ ಕಡ್ಡಿಯಿಂದ ಮೆಲ್ಲಗೆ ಒಳಗೆ ದೂಡಿದೆ. ಮೂರನೇ ದಿನ ನೋಡಿದರೆ ಚೀಲ ಇಲ್ಲ. ತಾಯಿಯ ಮುಂದೆ ಹರಿದ ರೇಷ್ಮೆಯ ಸಣ್ಣ ಗಂಟು ಬಿದ್ದಿತ್ತು. ತತ್ತಿಯನ್ನೆಲ್ಲ ಅದೇ ತಿಂದು ಮುಗಿಸಿತ್ತು.

ಎಸೆದಿರಲಿಲ್ಲ ಅಂತ ಗೊತ್ತಾಗಿದ್ದು ಮುಂದಿನ ವರ್ಷ. ಆ ಕಥೆ ಆಮೇಲೆ ಬರುತ್ತದೆ. ಬದುವಿನಲ್ಲಿ, ಹಳೆ ಮರದ ಪೊಟರೆಯಲ್ಲಿ, ತೋಟದ ಕಲ್ಲಿನ ಕೆಳಗೆ ಇಂಥ ಬಿಲ ಕಂಡು "ಏನೋ ಕೆಟ್ಟಿದೆ" ಅಂತ ಗಾಬರಿಯಾದವರಿಗೆ ಇದನ್ನು ಬರೆಯುತ್ತಿದ್ದೇನೆ. ಹಿಡಿದು ಸಾಕುವವರಿಗಲ್ಲ. ಕಾಡಿನಿಂದ ತಂದು ಡಬ್ಬಿಯಲ್ಲಿಡುವ ಚಟ ಒಳ್ಳೆಯದಲ್ಲ. ಮರದಲ್ಲಿರುವ ಪೊಯೆಸಿಲೊಥೀರಿಯಾ ಕುಲದ ಟರಾಂಟುಲಾಗಳು ಭಾರತ ಮತ್ತು ಶ್ರೀಲಂಕಾ ಬಿಟ್ಟರೆ ಬೇರೆಲ್ಲೂ ಇಲ್ಲ. ಸಾಕುವವರ ಮಾರುಕಟ್ಟೆಗೆ ಅವುಗಳನ್ನು ಸಾಗಿಸುವುದು ಜಾಸ್ತಿಯಾಗಿ, 2019ರಲ್ಲಿ ಆ ಇಡೀ ಕುಲವನ್ನು, ಕಾಡುಜೀವಿಗಳನ್ನು ದೇಶದಿಂದ ದೇಶಕ್ಕೆ ಮಾರುವುದಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಿದರು.

ಸರಿ ಇದ್ದಾಗ ಹೇಗಿರುತ್ತದೆ

ಮೋಟಾರ್ ಸರಿಯಾಗಿ ಓಡುವಾಗಿನ ಸದ್ದು ಗೊತ್ತಿಲ್ಲದವನಿಗೆ ಕೆಟ್ಟ ಸದ್ದು ಗೊತ್ತಾಗುವುದಿಲ್ಲ. ಇಲ್ಲೂ ಹಾಗೇ. ಮೊದಲು ತಾಯಿ ಏನು ಮಾಡುತ್ತದೆ ಅನ್ನುವುದನ್ನು ತಿಳಿದುಕೊಳ್ಳಬೇಕು.

ಗಂಡು ಬಂದು ಹೋದ ಕೂಡಲೇ ಹೆಣ್ಣು ತತ್ತಿ ಇಡುವುದಿಲ್ಲ. ಗಂಡಿನ ಬೀಜವನ್ನು ಹೊಟ್ಟೆಯಲ್ಲಿರುವ ಒಂದು ಸಣ್ಣ ಚೀಲದಲ್ಲಿ ತಿಂಗಳುಗಟ್ಟಲೆ ಕೂಡಿಟ್ಟುಕೊಳ್ಳುತ್ತದೆ. ಹೊತ್ತು ಬಂದಾಗ ಬಿಲದ ಬಾಯನ್ನು ರೇಷ್ಮೆ, ಮಣ್ಣು ಸೇರಿಸಿ ಮುಚ್ಚುತ್ತದೆ. ಒಳಗೆ ನೆಲದ ಮೇಲೆ ತಟ್ಟೆಯ ಹಾಗೆ ದಪ್ಪ ಹಾಸು ನೂಲುತ್ತದೆ. ಅದರ ಮೇಲೆ ನಿಂತು, ಜಿಗುಟು ದ್ರವದ ಜೊತೆ ತತ್ತಿಗಳನ್ನು ಸುರಿಯುತ್ತದೆ. ಕೂಡಿಟ್ಟ ಬೀಜ ತತ್ತಿಗೆ ತಗುಲುವುದು ಆ ಹೊತ್ತಿಗೇ. ಆಮೇಲೆ ಮೇಲೊಂದು ಹೊದಿಕೆ ನೂಲಿ, ಅಂಚುಗಳನ್ನು ಕಿತ್ತು ಒಳಗೆ ಮಡಚಿ, ಹೊರಳಿಸಿ ಹೊರಳಿಸಿ ಉಂಡೆ ಮಾಡುತ್ತದೆ. ಅವ್ವ ಹೋಳಿಗೆಗೆ ಹೂರಣ ತುಂಬಿ ಕಣಕದ ಅಂಚು ಎಳೆದು ಮುಚ್ಚುವುದನ್ನು ನೋಡಿದ್ದರೆ ಹೆಚ್ಚು ಹೇಳಬೇಕಾಗಿಲ್ಲ. ಗುಂಡಗಿದ್ದ ಹೊಟ್ಟೆ ಆ ರಾತ್ರಿ ಕಳೆಯುವಷ್ಟರಲ್ಲಿ ಸುಕ್ಕುಗಟ್ಟಿರುತ್ತದೆ.

ಒಂದು ಚೀಲದಲ್ಲಿ ಎಷ್ಟು ತತ್ತಿ? ಜಾತಿಯ ಮೇಲೆ ಹೋಗುತ್ತದೆ. ದಕ್ಷಿಣ ಅಮೆರಿಕದ ಅತಿ ದೊಡ್ಡ ಜೇಡ ಥೆರಫೋಸಾ ನೂರರ ಆಸುಪಾಸು ಇಡುತ್ತದೆ. ಬ್ರೆಜಿಲಿನ ಲಾಸಿಯೊಡೋರಾ ಸಾವಿರ ದಾಟಿಸುತ್ತದೆ.

ಆಮೇಲಿನ ಕೆಲಸವೇ ದೊಡ್ಡದು. ತಾಯಿ ಚೀಲವನ್ನು ಕೋರೆಗಳಲ್ಲಿ, ಕೈಯಂಥ ಎರಡು ಮುಂಗಾಲುಗಳಲ್ಲಿ ತಬ್ಬಿ ಹಿಡಿದು ಕೂರುತ್ತದೆ. ಆಗಾಗ ಅದನ್ನು ಹೊರಳಿಸುತ್ತದೆ. ಹೊರಳಿಸದಿದ್ದರೆ ಕೆಳಗಿನ ತತ್ತಿಗಳ ಮೇಲೆ ಭಾರ ಬಿದ್ದು, ಒಂದಕ್ಕೊಂದು ಅಂಟಿ ಕೆಡುತ್ತವೆ. ಚೀಲವನ್ನು ಬೇರೆ ಮಾಡಿ ಮರಿ ಮಾಡಿಸುವ ವಿದೇಶದ ಸಾಕಣೆಯವರು ಅದಕ್ಕೇ ದಿನಕ್ಕೆ ಹಲವು ಸಲ ಕೈಯಿಂದ ತಿರುಗಿಸುತ್ತಾರೆ. ಬಿಲ ಒಣಗಿದರೆ ತಾಯಿ ಚೀಲವನ್ನು ಕೆಳಗೆ ಒಯ್ಯುತ್ತದೆ. ಒಳಗೆ ತಂಪು ಜಾಸ್ತಿಯಾದರೆ ಮೇಲೆ ತರುತ್ತದೆ. ಅಮೆರಿಕದ ಅಫೊನೊಪೆಲ್ಮಾ ಜೇಡ ಚೀಲವನ್ನು ಬಿಲದ ಬಾಯಿಗೆ ತಂದು ಬಿಸಿಲು ಕಾಯಿಸುವುದನ್ನು ನೋಡಿದವರು ಬರೆದಿಟ್ಟಿದ್ದಾರೆ. ನಾನು ಕಡ್ಡಿ ಹಾಕುವ ಮೊದಲು ಇದು ಗೊತ್ತಿದ್ದರೆ ಚೆನ್ನಾಗಿತ್ತು.

ಇನ್ನೊಂದು ವಿಷಯ. ಎಲ್ಲ ಜಾತಿಗಳೂ ಉಂಡೆ ಹಿಡಿದು ಓಡಾಡುವುದಿಲ್ಲ. ಆಫ್ರಿಕಾದ ಟೆರಿನೊಕೈಲಸ್ ಮ್ಯೂರಿನಸ್ ಚೀಲವನ್ನು ಗೋಡೆಗೆ ಜೋಳಿಗೆಯ ಹಾಗೆ ಕಟ್ಟಿಬಿಡುತ್ತದೆ. ಅದು ಅಲ್ಲಾಡುವುದೇ ಇಲ್ಲ. ಅಲ್ಲಿ "ತಾಯಿ ತಿರುಗಿಸುತ್ತಿಲ್ಲ" ಅನ್ನುವುದು ದೋಷವಲ್ಲ. ಹಾಗಾಗಿ ನಿಮ್ಮ ಎದುರಿಗಿರುವುದು ಉಂಡೆಯೋ ಜೋಳಿಗೆಯೋ, ಅದನ್ನು ಮೊದಲು ನೋಡಿಕೊಳ್ಳಿ.

ನೋಡುವ ಸಾಮಾನು

ಗ್ಯಾರೇಜಿನವರು ಇಂಜಿನ್ ಒಳಗೆ ಇಳಿಸುವ, ಮೊಬೈಲಿಗೆ ಸಿಕ್ಕಿಸುವ ವಯರ್ ಕ್ಯಾಮೆರಾ ಸಾಕು. ಅದರ ತುದಿಯ ಬಿಳಿ ದೀಪಕ್ಕೆ ಕೆಂಪು ಜಿಲೇಟಿನ್ ಕಾಗದ ಸುತ್ತಿ. ಕೆಂಪು ಬೆಳಕಿಗೆ ಜೇಡ ಅಷ್ಟು ಬೆದರುವುದಿಲ್ಲ. ಎಂಟು ಕಣ್ಣಿದ್ದರೂ ಇವುಗಳ ನೋಟ ಅಷ್ಟಕ್ಕಷ್ಟೇ. ಲೋಕವೆಲ್ಲ ಗೊತ್ತಾಗುವುದು ಕಾಲಿನ ಕೂದಲಿಗೆ ತಾಗುವ ಗಾಳಿ ಮತ್ತು ನೆಲದ ನಡುಕದಿಂದ. ಅದಕ್ಕೇ ಬಿಲದೊಳಗೆ ಉಸಿರು ಬಿಡಬೇಡಿ, ಬದುವಿನ ಮೇಲೆ ಧಪಧಪ ನಡೆಯಬೇಡಿ. ಕ್ಯಾಮೆರಾ ತುದಿ ರೇಷ್ಮೆಗೆ ತಾಗದಿರಲಿ. ವಾರಕ್ಕೆ ಒಂದು ಸಲ, ಒಂದು ನಿಮಿಷ. ಸಾಕು.

ಬೆರಳು ಹಾಕುವ ಮಾತೇ ಬೇಡ. ಅಮೆರಿಕ ಖಂಡದ ಎಷ್ಟೋ ಟರಾಂಟುಲಾಗಳು ಹೊಟ್ಟೆಯ ತುರಿಕೆ ಕೂದಲು ಉದುರಿಸಿ ಶತ್ರುವನ್ನು ಓಡಿಸುತ್ತವೆ. ನಮ್ಮ ಕಡೆಯವಕ್ಕೆ ಆ ಕೂದಲಿಲ್ಲ. ಇವು ಕಚ್ಚುತ್ತವೆ. ನೋವು, ಊತ ಗ್ಯಾರಂಟಿ. ಮರದ ಜಾತಿ ಕಚ್ಚಿದರೆ ಮಾಂಸಖಂಡ ಹಿಡಿದುಕೊಳ್ಳುವುದೂ ಉಂಟು. ಚೀಲ ಹಿಡಿದ ತಾಯಿಗೆ ಸಿಟ್ಟು ಇನ್ನೂ ಜಾಸ್ತಿ.

ಬಿಲದ ಬಾಯಿ ಮುಚ್ಚಿದೆ

ಗಾಬರಿ ಶುರುವಾಗುವುದು ಇಲ್ಲಿಂದ. ಮುಚ್ಚಿದ ಬಾಯಿಗೆ ನಾಲ್ಕು ಕಾರಣ ಇರಬಹುದು. ಬೇಸಿಗೆಯ ಒಣ ಗಾಳಿ ತಡೆಯಲು ಮುಚ್ಚಿರಬಹುದು. ಪೊರೆ ಬಿಡಲು ಮುಚ್ಚಿರಬಹುದು. ತತ್ತಿ ಇಡಲು ಮುಚ್ಚಿರಬಹುದು. ಇಲ್ಲವೇ ಒಳಗೆ ಯಾರೂ ಇಲ್ಲದಿರಬಹುದು.

ಕೊನೆಯದನ್ನು ಮೊದಲು ತೆಗೆದುಹಾಕಿ. ಜೀವ ಇರುವ ಬಿಲದ ಮುಚ್ಚಳ ಒಳಗಿನಿಂದ ಬಿಗಿಯಾಗಿ ಹೆಣೆದಿರುತ್ತದೆ. ಮಣ್ಣಿನ ಕಾಳುಗಳು ರೇಷ್ಮೆಗೆ ಅಂಟಿ ಕೂತಿರುತ್ತವೆ. ಹಾಳು ಬಿಲದ ರೇಷ್ಮೆ ಜೋಲು ಬಿದ್ದಿರುತ್ತದೆ, ಧೂಳು ಹಿಡಿದು ಕಂದಾಗಿರುತ್ತದೆ. ಬಾಯಿಗೆ ಅಡ್ಡಲಾಗಿ ಬೇರೆ ಸಣ್ಣ ಜೇಡಗಳು ಬಲೆ ಕಟ್ಟಿರುತ್ತವೆ. ಇರುವೆ ಸಾಲು ಹೋಗಿ ಬಂದು ಮಾಡುತ್ತಿದ್ದರೆ ಲೆಕ್ಕ ಮುಗಿಯಿತು.

ಉಳಿದ ಮೂರರಲ್ಲಿ ಯಾವುದು ಅಂತ ತಿಳಿಯಲು ಮುಚ್ಚಳ ಕೀಳಬೇಕಾಗಿಲ್ಲ. ಕಾಯಿರಿ. ಪೊರೆ ಬಿಟ್ಟಿದ್ದರೆ ಕೆಲವು ದಿನಕ್ಕೆ ಬಾಯಿ ತೆರೆದು ಹಳೆ ಚರ್ಮವನ್ನು ಹೊರಗೆ ಎಸೆಯುತ್ತದೆ. ಕಾಲು, ಕೋರೆ ಎಲ್ಲ ಇರುವ ಅದನ್ನು ಕಂಡು ಜೇಡವೇ ಸತ್ತಿದೆ ಅಂದುಕೊಳ್ಳುವವರು ಬಹಳ. ಎತ್ತಿ ನೋಡಿ, ಒಳಗೆ ಟೊಳ್ಳಾಗಿರುತ್ತದೆ. ಆ ಚರ್ಮ ಸಿಕ್ಕ ತಾರೀಖನ್ನು ಬರೆದಿಡಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ತಿನ್ನುತ್ತಿಲ್ಲ

ದೋಷ ಅಲ್ಲ. ಚೀಲ ಹಿಡಿದ ತಾಯಿ ವಾರಗಟ್ಟಲೆ ಉಪವಾಸ ಇರುತ್ತದೆ, ಇಲ್ಲವೇ ಬಹಳ ಕಡಿಮೆ ತಿನ್ನುತ್ತದೆ. ಜಿರಳೆ, ಮಿಡತೆ ಹಿಡಿದು ತಂದು ಬಿಲಕ್ಕೆ ಬಿಡಬೇಡಿ. ಮಿಡತೆ ಚೀಲವನ್ನೇ ಕಡಿದೀತು.

ಚೀಲ ಬಾಯಿಗೆ ಬಂದಿದೆ

ಈಗ ಎರಡನೇ ವರ್ಷದ ಕಥೆ. ಮೇ ತಿಂಗಳ ಅಡ್ಡಮಳೆ ಬಿದ್ದ ಮೇಲೆ ಮೇಲಿನ ಬಿಲದ ಬಾಯಿ ಮುಚ್ಚಿತು. ಹತ್ತು ದಿನ ಬಿಟ್ಟು ಮುಚ್ಚಳದ ಪಕ್ಕ ತಾನೇ ಒಂದು ಸಂದಿ ಬಿಟ್ಟುಕೊಂಡಿತ್ತು. ಕ್ಯಾಮೆರಾ ಇಳಿಸಿದಾಗ ಸುಮಾರು ಒಂದು ಮೊಳ ಆಳದಲ್ಲಿ ತಾಯಿ ಕೂತಿತ್ತು, ಕಾಲುಗಳ ನಡುವೆ ಬಿಳಿ ಉಂಡೆ. ವಾರ ವಾರ ನೋಡಿದೆ. ಉಂಡೆಯ ಮೇಲೆ ಒಂದು ಕಡೆ ಅಂಟಿದ್ದ ಕೆಂಪು ಮಣ್ಣಿನ ಚುಕ್ಕೆ ಒಂದು ಸಲ ಎಡಕ್ಕೆ, ಇನ್ನೊಂದು ಸಲ ಕೆಳಗೆ ಕಾಣುತ್ತಿತ್ತು. ಅಂದರೆ ತಿರುಗಿಸುತ್ತಿದೆ. ಆ ಚುಕ್ಕೆಯೇ ನನ್ನ ಮೀಟರ್ ಆಯಿತು.

ಜೂನ್ ಎರಡನೇ ವಾರ ಮಳೆ ಜೋರಾಯಿತು. ಮೂರು ದಿನ ಅಂಗಡಿ ಬಿಟ್ಟು ಹೋಗಲಾಗಲಿಲ್ಲ. ನಾಲ್ಕನೇ ದಿನ ಹೋದರೆ, ಚೀಲ ಬಾಯಲ್ಲಿ! ಹಿಂದಿನ ವರ್ಷದ್ದೇ ದೃಶ್ಯ. ಕೈ ಕಡ್ಡಿ ಹುಡುಕಿತು, ಸುಳ್ಳು ಹೇಳುವುದಿಲ್ಲ.

ಈ ಸಲ ಕೆಳಗೆ ಕೂತೆ. ಮೂರು ಪ್ರಶ್ನೆ ಹಾಕಿಕೊಂಡೆ. ತಾಯಿ ಎಲ್ಲಿದೆ? ಚೀಲದ ಹಿಂದೆಯೇ, ಮುಂಗಾಲು ಅದರ ಮೇಲೆ. ಎಸೆದಿದ್ದರೆ ಹೀಗೆ ಹಿಡಿದುಕೊಂಡು ಕೂರುತ್ತದೆಯೇ? ಚೀಲ ಹೇಗಿದೆ? ಗುಂಡಗಿದೆ, ಬಿಗಿಯಾಗಿದೆ, ಒದ್ದೆಯಾಗಿಲ್ಲ. ಬಿಲದ ತಳ ಹೇಗಿದೆ? ಇದನ್ನು ನೋಡಲು ಸಂಜೆವರೆಗೆ ಕಾಯಬೇಕಾಯಿತು. ತಾಯಿ ಸ್ವಲ್ಪ ಪಕ್ಕಕ್ಕೆ ಸರಿದಾಗ ವಯರನ್ನು ಮೇಲ್ಛಾವಣಿ ಕಡೆಯಿಂದ ಬಿಟ್ಟೆ. ತಳದಲ್ಲಿ ನೀರು ಕೆಂಪು ಬೆಳಕಿಗೆ ಹೊಳೆಯುತ್ತಿತ್ತು.

ಅಷ್ಟೇ ವಿಷಯ. ತತ್ತಿಗೂ ಗಾಳಿ ಬೇಕು. ಚೀಲ ನೀರಲ್ಲಿ ನೆನೆದರೆ ಒಳಗಿನವು ಉಸಿರುಕಟ್ಟಿ ಸಾಯುತ್ತವೆ, ಉಳಿದವಕ್ಕೆ ಬೂಸು ಹಿಡಿಯುತ್ತದೆ. ತಾಯಿ ಚೀಲವನ್ನು ಒಣ ಜಾಗಕ್ಕೆ ತಂದಿತ್ತು. ಹಿಂದಿನ ವರ್ಷ ನಾನು ಕಡ್ಡಿ ಹಾಕಿ, ಅದು ಕಷ್ಟಪಟ್ಟು ಮೇಲೆ ತಂದ ಚೀಲವನ್ನು ಮತ್ತೆ ನೀರಿಗೆ ದೂಡಿದ್ದೆ. ಆಮೇಲೆ "ತಾಯಿ ತತ್ತಿ ತಿಂದಿತು" ಅಂತ ಅದರ ಮೇಲೇ ಗೂಬೆ ಕೂರಿಸಿದೆ.

ನೀರು ಎಲ್ಲಿಂದ ಬಂತು? ಬಿಲದ ದೋಷವಲ್ಲ ಅದು. ಬದುವಿನ ಮೇಲಿನ ಕಾಲುವೆ ಕಸ ತುಂಬಿ ಕಟ್ಟಿತ್ತು, ನೀರು ಬದುವಿನ ಮೇಲಿಂದ ಉಕ್ಕಿ ಹರಿಯುತ್ತಿತ್ತು. ಹತ್ತು ಮಾರು ದೂರದಲ್ಲಿ ಸಲಿಕೆ ಹಿಡಿದು ಕಾಲುವೆ ಬಿಡಿಸಿದೆ. ಬಿಲದ ಹತ್ತಿರ ಸಲಿಕೆ ತರಲಿಲ್ಲ. ಕಾಕಾ ಬಂದು ನಿಂತು, "ಜ್ಯಾಡರ ಹುಳಕ್ಕ ಚರಂಡಿ ತೋಡಾಕತ್ತೀಯೇನೋ ತಮ್ಮಾ?" ಅಂದ. "ಗೋವಿನಜೋಳಕ್ಕ ಕಾಕಾ" ಅಂದೆ. ಅದೂ ನಿಜವೇ. ಆ ಮೂಲೆಯ ಬೆಳೆ ನೀರು ನಿಂತು ಹಳದಿಯಾಗುತ್ತಿತ್ತು.

ಎರಡು ದಿನಕ್ಕೆ ಚೀಲ ಮತ್ತೆ ಅರ್ಧ ಬಿಲಕ್ಕೆ ಇಳಿದಿತ್ತು.

ಚೀಲ ಬಾಯಲ್ಲಿದ್ದರೆ ಹೆದರಬೇಕಾದ ಸಂದರ್ಭ ಒಂದೇ. ತಾಯಿ ಅದನ್ನು ಮುಟ್ಟದೆ, ದೂರ ಬೆನ್ನು ಮಾಡಿ, ಎರಡು ಮೂರು ದಿನ ಒಂದೇ ಸಮನೆ ಕೂತಿರಬೇಕು. ಆಗ ಚೀಲ ಒಳಗೇ ಕೆಟ್ಟಿರುವ ಸಂಶಯ ಬರುತ್ತದೆ. ಆಗಲೂ ದೂಡಬೇಡಿ. ಕೆಟ್ಟಿದ್ದರೆ ದೂಡಿದ ಮಾತ್ರಕ್ಕೆ ಸರಿಹೋಗುವುದಿಲ್ಲ.

ಚೀಲ ಕಾಣೆಯಾಗಿದೆ

ಇಲ್ಲಿ ಪೊಲೀಸರ ಹಾಗೆ ಪಂಚನಾಮೆ ಮಾಡಬೇಕು. ಚೀಲ ಹೋದ ದಾರಿ ಮೂರು. ಮರಿ ಆಗಿ ಖಾಲಿಯಾಗಿರಬಹುದು, ತಾಯಿ ತಿಂದಿರಬಹುದು, ಬೇರೆಯವರು ತಿಂದಿರಬಹುದು.

ಮರಿ ಆಗಿದ್ದರೆ ಸುಲಭ. ಹರಿದ ಚೀಲದ ಒಳಗೆ ತೆಳ್ಳನೆ ಬಿಳಿ ಪೊರೆಗಳು ರಾಶಿ ಇರುತ್ತವೆ. ಮರಿಗಳು ಚೀಲದಲ್ಲಿರುವಾಗಲೇ ಪೊರೆ ಬಿಡುತ್ತವೆ. ಬಾಯಿ ಸುತ್ತ ಹೊಸದಾಗಿ ಕೂದಲೆಳೆಯಷ್ಟು ಸಣ್ಣ ನೂಲು ಹರಡಿರುತ್ತದೆ. ಬಿಸಿಲು ಓರೆಯಾಗಿ ಬಿದ್ದಾಗ ನೋಡಿ, ಮಿನುಗುತ್ತದೆ.

ತಾಯಿ ತಿಂದಿದ್ದರೆ ಅಗಿದು ಹಿಂಡಿದ ರೇಷ್ಮೆಯ ಗಟ್ಟಿ ಉಂಡೆ ಉಳಿಯುತ್ತದೆ, ಪೊರೆ ಒಂದೂ ಇರುವುದಿಲ್ಲ. ತಾಯಿಯ ಹೊಟ್ಟೆ ಹಿಂದಿನ ವಾರಕ್ಕಿಂತ ತುಂಬಿರುತ್ತದೆ. ಇಲ್ಲಿ ಬೈಯುವ ಮೊದಲು ಕಾರಣ ಹುಡುಕಿ. ಎರಡು ಕಾರಣ ಸಾಮಾನ್ಯ.

ಮೊದಲನೆಯದು ತೊಂದರೆ ಕೊಟ್ಟದ್ದು. ಕಡ್ಡಿ, ಬಿಳಿ ಬ್ಯಾಟರಿ ಬೆಳಕು, ಶಾಲೆ ಬಿಟ್ಟ ಹುಡುಗರು ಎರೆಯುವ ನೀರು, ಪಕ್ಕದಲ್ಲಿ ಜೆಸಿಬಿ. ಇನ್ನು ಉಳಿಯುವುದಿಲ್ಲ ಅನ್ನಿಸಿದ ಚೀಲವನ್ನು ತಾಯಿ ಬಿಟ್ಟು ಹೋಗುವ ಬದಲು ತಿಂದು, ತತ್ತಿಗೆ ಹಾಕಿದ ಸತ್ವವನ್ನು ವಾಪಸ್ ಪಡೆಯುತ್ತದೆ. ನಮಗೆ ಕ್ರೂರ ಅನ್ನಿಸುತ್ತದೆ. ಸುಟ್ಟ ಮೋಟಾರಿನ ತಾಮ್ರವನ್ನು ನಾವು ತೂಕಕ್ಕೆ ಹಾಕುವುದಿಲ್ಲವಾ?

ಎರಡನೆಯದು ಬೀಜವಿಲ್ಲದ ತತ್ತಿ. ಪೊರೆಯ ತಾರೀಖು ಬರೆದಿಡಿ ಅಂದಿದ್ದು ಇದಕ್ಕೇ. ಮನೆಯ ಗೋಡೆಯ ಜೇಡಗಳಲ್ಲಿ ಹೆಚ್ಚಿನವು ದೊಡ್ಡದಾದ ಮೇಲೆ ಪೊರೆ ಬಿಡುವುದಿಲ್ಲ. ಟರಾಂಟುಲಾ ಹೆಣ್ಣು ಹಾಗಲ್ಲ. ಹದಿನೈದು ಇಪ್ಪತ್ತು ವರ್ಷ ಬದುಕಬಲ್ಲದು, ಬದುಕಿರುವವರೆಗೂ ಆಗಾಗ ಪೊರೆ ಬಿಡುತ್ತದೆ. ಬೀಜ ಕೂಡಿಟ್ಟ ಚೀಲದ ಒಳಪದರವೂ ಆ ಹಳೆ ಚರ್ಮದ ಜೊತೆಗೇ ಕಿತ್ತು ಹೊರಬರುತ್ತದೆ. ಸ್ಟಾಕ್ ಪೂರ್ತಿ ಖಾಲಿ. ಮತ್ತೆ ಗಂಡು ಬರಬೇಕು. ಬರದಿದ್ದರೂ ಹೆಣ್ಣು ಒಮ್ಮೊಮ್ಮೆ ತತ್ತಿ ಇಟ್ಟು, ಚೀಲ ನೂಲಿ, ಕಾವಲು ಕೂರುತ್ತದೆ. ಕೆಲವು ವಾರದಲ್ಲಿ ಅದಕ್ಕೇ ಗೊತ್ತಾಗುತ್ತದೆ, ತಿನ್ನುತ್ತದೆ. ನಮ್ಮ ಕೆಳಗಿನ ಬಿಲದಲ್ಲಿ ಏಪ್ರಿಲ್ ಕೊನೆಗೆ ಚರ್ಮ ಸಿಕ್ಕಿತ್ತು. ಜೂನ್ ಮೊದಲಿಗೆ ಚೀಲ ಕಂಡಿತು, ತಿಂಗಳು ತುಂಬುವ ಮೊದಲೇ ಮಾಯವಾಯಿತು. ಯಾರೂ ಕಡ್ಡಿ ಹಾಕಿರಲಿಲ್ಲ, ನೀರೂ ಹೋಗಿರಲಿಲ್ಲ. ಪೊರೆ ಬಿಟ್ಟ ಮೇಲೆ ಗಂಡು ಆ ಕಡೆ ಬಂದಿಲ್ಲ ಅನ್ನುವುದು ನನ್ನ ಲೆಕ್ಕ.

ಬೇರೆಯವರು ತಿಂದಿದ್ದರೆ ತಾಯಿಯೂ ಇರುವುದಿಲ್ಲ. ಅದು ಮುಂದಿನದು.

ಚೀಲ ಇದೆ, ತಾಯಿ ಇಲ್ಲ

ತಾಯಿ ತಾನಾಗಿ ಚೀಲ ಬಿಟ್ಟು ಊರು ಬಿಡುವುದು ಅಪರೂಪ. ಯಾರಾದರೂ ಒಯ್ದಿದ್ದಾರೆಯೇ ನೋಡಿ. ಬಿಲದ ಬಾಯಿ ಹರಿದು, ಮುಂದಿನ ಮಣ್ಣಿನಲ್ಲಿ ಏನೋ ಎಳೆದುಕೊಂಡು ಹೋದ ಗೆರೆ ಇದ್ದರೆ ಕಣಜದ ಕೆಲಸ. ಜೇಡ ಬೇಟೆಯಾಡುವ ದೊಡ್ಡ ಕಣಜಗಳಿವೆ. ಹಗಲಲ್ಲಿ ನೆಲ ಮೂಸುತ್ತಾ ರೆಕ್ಕೆ ನಡುಗಿಸುತ್ತಾ ಓಡಾಡುತ್ತವೆ. ಚುಚ್ಚಿ ಜೇಡವನ್ನು ಸಾಯಿಸುವುದಿಲ್ಲ, ಅಲ್ಲಾಡದಂತೆ ಮಾಡುತ್ತವೆ. ಎಳೆದೊಯ್ದು ಗುಂಡಿಗೆ ಹಾಕಿ ಅದರ ಮೇಲೆ ಒಂದೇ ಒಂದು ತತ್ತಿ ಇಡುತ್ತವೆ. ಮರಿ ಹುಟ್ಟಿ ಆ ಜೇಡವನ್ನು ತಿಂದು ಬೆಳೆಯುತ್ತದೆ. ಚೀಲ ಅದಕ್ಕೆ ಬೇಡ. ಹಾಗೇ ಬಿದ್ದಿರುತ್ತದೆ, ಒಂದೆರಡು ದಿನದಲ್ಲಿ ಇರುವೆಗೆ ಸಿಗುತ್ತದೆ. ಒಬ್ಬರ ಮಕ್ಕಳ ಹಸಿವಿಗೆ ಇನ್ನೊಬ್ಬರ ತಾಯಿ ಹೋಗುವ ಈ ಲೆಕ್ಕವನ್ನು ಅವ್ವನಿಗೆ ಹೇಳಿದಾಗ, "ಅದನ್ನೆಲ್ಲಾ ಉಣ್ಣೋ ಹೊತ್ತಿನ್ಯಾಗ ಹೇಳಬ್ಯಾಡ" ಅಂದಳು.

ಗೆರೆ ಇಲ್ಲದೆ ಬಿಲವೇ ಅಗೆದು ಹೋಗಿದ್ದರೆ ಮುಂಗುಸಿಯೋ ಹಂದಿಯೋ ಇರಬೇಕು. ಆಗ ಹುಡುಕಲು ಏನೂ ಉಳಿದಿರುವುದಿಲ್ಲ.

ಚೀಲ ಕುಗ್ಗಿದೆ, ವಾಸನೆ ಬರುತ್ತಿದೆ

ಒಳ್ಳೆಯ ತತ್ತಿ ನೆನೆಸಿದ ಸಾಬೂದಾಣಿಯ ಹಾಗೆ. ಬಿಡಿಬಿಡಿ, ಕೆನೆಬಣ್ಣ. ಕೆಟ್ಟವು ಕಂದಾಗಿ, ಒಡೆದು, ಅಂಟಾಗುತ್ತವೆ. ಹೊರಗಿನಿಂದ ತತ್ತಿ ಕಾಣದಿದ್ದರೂ ಚೀಲ ಹೇಳುತ್ತದೆ. ಒಂದು ಕಡೆ ತಗ್ಗು ಬಿದ್ದು ಹಾಗೇ ಉಳಿದಿದ್ದರೆ, ಕಂದು ಕಲೆ ಒಳಗಿನಿಂದ ಹೊರಗೆ ಹರಡುತ್ತಿದ್ದರೆ ಕೆಟ್ಟಿದೆ. ಬರೀ ಮಣ್ಣು ಮೆತ್ತಿ ಹೊಲಸಾಗಿ ಕಂಡರೆ ಏನೂ ಆಗಿಲ್ಲ, ತಾಯಿ ಅದನ್ನು ದಿನಾ ನೆಲದ ಮೇಲೆ ಹೊರಳಿಸುತ್ತದಲ್ಲ.

ವಾಸನೆ ಇದ್ದರೆ ಸುತ್ತ ಗೂನುಬೆನ್ನಿನ ಸಣ್ಣ ನೊಣಗಳಿವೆಯಾ ನೋಡಿ. ಹಾರುವುದಕ್ಕಿಂತ ಬಿರಬಿರನೆ ಓಡುವುದೇ ಜಾಸ್ತಿ. ಕೊಳೆತದ್ದಕ್ಕೆ ಬಂದು ತತ್ತಿ ಇಟ್ಟು, ಅವುಗಳ ಹುಳು ಚೀಲದೊಳಗೆ ಸೇರುತ್ತವೆ. ನೊಣ ಬಂದಿದ್ದರಿಂದ ಚೀಲ ಕೆಟ್ಟಿತೋ, ಚೀಲ ಕೆಟ್ಟಿದ್ದರಿಂದ ನೊಣ ಬಂತೋ ಅನ್ನುವುದನ್ನು ನಿಧಾನವಾಗಿ ಯೋಚಿಸಿ. ಸುಟ್ಟ ವಾಸನೆಗೆ ಮೋಟಾರ್ ಕೆಡುವುದಿಲ್ಲ, ಕೆಟ್ಟ ಮೇಲೆ ವಾಸನೆ ಬರುತ್ತದೆ. ಹೆಚ್ಚಿನ ಸಲ ಇಲ್ಲೂ ಅದೇ. ಆದರೆ ಒಳ್ಳೆಯ ಚೀಲಕ್ಕೂ ಈ ಹುಳುಗಳ ಕಾಟ ಇಲ್ಲದಿಲ್ಲ. ಥೆರಫೋಸಾ ತಾಯಿ ತನ್ನ ತುರಿಕೆ ಕೂದಲನ್ನೇ ಚೀಲದ ರೇಷ್ಮೆಯಲ್ಲಿ ಸೇರಿಸಿ ನೂಲುತ್ತದೆ. ಆ ಕೂದಲು ಈ ನೊಣದ ಹುಳುಗಳನ್ನು ತಡೆಯುತ್ತದೆ ಅಂತ 1990ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ. ನಮ್ಮ ತಾಯಂದಿರಿಗೆ ಆ ಮುಳ್ಳುಬೇಲಿ ಇಲ್ಲ. ಕಾವಲೇ ಬೇಲಿ.

ಔಷಧ ಹೊಡೆಯಬೇಡಿ. ನೊಣಕ್ಕೆ ಹೊಡೆದದ್ದು ಜೇಡಕ್ಕೂ ತಾಗುತ್ತದೆ.

ದಿನ ದಾಟಿತು, ಮರಿ ಇಲ್ಲ

ಚೀಲ ಕಂಡ ದಿನದಿಂದ ಎಣಿಸುತ್ತೀರಿ, ಅದೇ ಮೊದಲ ತಪ್ಪು. ನೀವು ಕಂಡ ದಿನ ಬೇರೆ, ಇಟ್ಟ ದಿನ ಬೇರೆ. ಬಾಯಿ ಮುಚ್ಚಿದ ದಿನದಿಂದ ಎಣಿಸಿ. ಹೆಚ್ಚಿನ ಜಾತಿಗಳಲ್ಲಿ ಆರರಿಂದ ಒಂಬತ್ತು ವಾರ ಹಿಡಿಯುತ್ತದೆ. ತಂಪು ಇದ್ದರೆ ಇನ್ನೂ ಎಳೆಯುತ್ತದೆ. ಮಳೆಗಾಲದ ಕಲಘಟಗಿಯಲ್ಲಿ ತಂಪಿಗೇನೂ ಬರ ಇಲ್ಲ.

ಒಳಗೆ ನಡೆಯುವ ಕೆಲಸವೂ ಸಣ್ಣದಲ್ಲ. ತತ್ತಿ ಒಡೆದ ಕೂಡಲೇ ಓಡಾಡುವ ಮರಿ ಬರುವುದಿಲ್ಲ. ಮೊದಲು ಬರುವುದು ತತ್ತಿಗೆ ಕಾಲು ಮೂಡಿದಂಥ ಒಂದು ಬಿಳಿ ಜೀವ. ಅದು ತಿನ್ನಲಾರದು, ನೂಲಲಾರದು, ಸುಮ್ಮನೆ ಬಿದ್ದು ಹೊಟ್ಟೆಯೊಳಗಿನ ಹಳದಿಯಿಂದಲೇ ಬದುಕುತ್ತದೆ. ಪೊರೆ ಬಿಟ್ಟ ಮೇಲೆ ಕೂದಲು ಬರುತ್ತದೆ, ಬಣ್ಣ ಏರುತ್ತದೆ. ಆಮೇಲೆ ಚೀಲ ಬಿಡುತ್ತದೆ. ಈ ಹೊತ್ತಲ್ಲಿ ಚೀಲದ ಆಕಾರ ಸ್ವಲ್ಪ ಸಡಿಲವಾಗಿ ಕಾಣುವುದು ಸಹಜ. ಇದನ್ನು ಮೇಲೆ ಹೇಳಿದ ಕುಗ್ಗುವಿಕೆ ಅಂದುಕೊಳ್ಳಬೇಡಿ. ಕಲೆ ಇಲ್ಲ, ವಾಸನೆ ಇಲ್ಲ, ತಾಯಿ ಬಿಟ್ಟಿಲ್ಲ ಅಂದರೆ ಸರಿ ಇದೆ.

ಮರಿ ಹೊರಬಂದು ವಾರಗಟ್ಟಲೆ ಅಲ್ಲೇ ಗುಂಪಾಗಿದ್ದರೂ ಚಿಂತೆ ಬೇಡ. ಮರದ ಪೊಟರೆಯ ಪೊಯೆಸಿಲೊಥೀರಿಯಾ ಮರಿಗಳು ತಾಯಿಯ ಜೊತೆ ಒಂದೇ ಪೊಟರೆಯಲ್ಲಿ ಬಹಳ ದಿನ ಇರುತ್ತವೆ. ಹಾನಗಲ್ಲ ಕಡೆಯ ಗೆಳೆಯನೊಬ್ಬ ಹಳೆ ಮಾವಿನ ಮರದಲ್ಲಿ ಇಂಥ ಗುಂಪು ಕಂಡು, ತಾಯಿ ಮರಿಗಳನ್ನು ಹಿಡಿದಿಟ್ಟು ತಿನ್ನಲು ಕಾದಿದೆ ಅಂತ ಫೋನ್ ಮಾಡಿದ್ದ. ಎಣಿಸು, ನಾಳೆಯೂ ಎಣಿಸು ಅಂದೆ. ಸಂಖ್ಯೆ ಇಳಿದಿರಲಿಲ್ಲ.

ಕೊನೆಗೆ ಉಳಿದ ಒಂದು ದೋಷ

ಮೇಲಿನ ಬಿಲದಲ್ಲಿ ಎಲ್ಲ ಸರಿ ಇದ್ದರೂ ಜೂನ್ ಕೊನೆಗೆ ಒಂದು ವಿಚಿತ್ರ ನಡೆಯುತ್ತಿತ್ತು. ಕೆಲವು ದಿನ ತಾಯಿ ಚೀಲ ತಬ್ಬಿಕೊಂಡು ತಳದ ಮೂಲೆಗೆ ಒತ್ತಿಕೊಂಡು ಕೂತಿರುತ್ತಿತ್ತು. ಕ್ಯಾಮೆರಾ ತುದಿ ಕಂಡರೆ ಮುಂಗಾಲು ಎತ್ತಿ ಬುಸ್ ಅನ್ನುತ್ತಿತ್ತು. ಬಾಯಿಯ ಭಾಗಗಳನ್ನು ಒಂದಕ್ಕೊಂದು ಉಜ್ಜಿ ಈ ಸದ್ದು ಮಾಡುವ ಜಾತಿಗಳು ನಮ್ಮಲ್ಲಿವೆ, ಚಿಲೊಬ್ರಾಕಿಸ್ ಅವುಗಳಲ್ಲಿ ಒಂದು. ಬುಸ್ ಅಂದರೆ ತಾಯಿ ಗಟ್ಟಿಯಾಗಿದೆ ಅಂತ ಅರ್ಥ. ಅದು ಸಮಾಧಾನ. ಆದರೆ ಎಲ್ಲ ದಿನ ಯಾಕೆ ಹಾಗಿಲ್ಲ?

ಬೇಕೆಂದಾಗ ಬಂದು ಬೇಕೆಂದಾಗ ಹೋಗುವ ದೋಷ ಹುಡುಕುವುದು ಎಲ್ಲಕ್ಕಿಂತ ಕಷ್ಟ. ಮೋಟಾರಿನಲ್ಲೂ ಹಾಗೇ. ತಾರೀಖು ಬರೆದಿಟ್ಟಿದ್ದು ಇಲ್ಲಿ ಕೆಲಸಕ್ಕೆ ಬಂತು. ಬುಸ್ ಅಂದ ದಿನಗಳನ್ನು ಸಾಲಾಗಿ ಬರೆದು ಕಾಕಾನ ಮುಂದೆ ಹಿಡಿದೆ. "ಈ ದಿನ ಹೊಲದಾಗ ಏನ್ ಮಾಡಿದ್ರಿ?" ಕಾಕಾ ತಲೆ ಕೆರೆದುಕೊಂಡ. ಪಕ್ಕದ ಖಾಲಿ ಪಟ್ಟಿಗೆ ಬಾಡಿಗೆ ಟ್ರ್ಯಾಕ್ಟರ್ ತರಿಸಿ, ಮಳೆ ಬಿಡುವು ಕೊಟ್ಟಾಗೆಲ್ಲ ರೋಟಾವೇಟರ್ ಹೊಡೆಸುತ್ತಿದ್ದ. ಬದುವಿನ ಬುಡದವರೆಗೂ. ತಾರೀಖು ತಾರೀಖಿಗೆ ಕೂಡಿತು.

ಬದುವಿನಿಂದ ನಾಲ್ಕು ಹೆಜ್ಜೆ ಬಿಟ್ಟು ಹೊಡೆಸು ಅಂತ ಕೇಳಿಕೊಂಡೆ. ಬೈದ. ನಾಲ್ಕು ಹೆಜ್ಜೆ ನೆಲ ಅಂದರೆ ಎಷ್ಟು ಜೋಳ ಗೊತ್ತೇನು ಅಂದ. ಬುಡದವರೆಗೆ ಅಗೆದರೆ ಬದು ಕುಸಿಯುತ್ತದೆ ಅಂದ ಮೇಲೆ ಗೊಣಗುತ್ತಾ ಒಪ್ಪಿದ.

ಜುಲೈ ಎರಡನೇ ವಾರ, ಬಾಯಿ ಮುಚ್ಚಿದ ದಿನದಿಂದ ಎಂಟನೇ ವಾರ, ಸಂಜೆ ಮಳೆ ನಿಂತಾಗ ಬಿಲದ ಅಂಚಿನಲ್ಲಿ ಎಳ್ಳಿನ ಕಾಳುಗಳ ಹಾಗೆ ಮರಿಗಳು ಕಂಡವು. ಅರವತ್ತರವರೆಗೆ ಎಣಿಸಿದೆ, ಆಮೇಲೆ ಕತ್ತಲಾಯಿತು. ಕಾಕಾ ಹಿಂದೆ ಬಂದು ಬಗ್ಗಿ ನೋಡಿದ. "ಇವೆಲ್ಲಾ ಇಲ್ಲೇ ಇರ್ತಾವೇನು?" ಅಂದ. ಇಲ್ಲ ಕಾಕಾ, ಚದುರಿ ಹೋಗಿ ತಮ್ಮ ತಮ್ಮ ಬಿಲ ತೋಡ್ಕೋತಾವ ಅಂದೆ. ಅವನು ಬದುವನ್ನು ಆ ತುದಿಯಿಂದ ಈ ತುದಿಗೆ ಒಮ್ಮೆ ನೋಡಿ, "ಹಂಗಾದ್ರ ಇನ್ನ ಎಷ್ಟ ಹೆಜ್ಜಿ ಬಿಡಬೇಕೋ?" ಅಂದ.